ಬೆನ್ನೊಳಗಿನ ಯಂತ್ರ ಕೆಟ್ಟರೆ ಯಾರನ್ನು ಕೇಳುವುದು?

ಸೂರತ್‌ನಲ್ಲಿ ಕೆಲಸ ಮಾಡುವ ಧಾರವಾಡದ ಕಡೆಯ ಗೆಳೆಯರೊಬ್ಬರ ತಂದೆಗೆ ಬೆನ್ನಿನ ಎರಡು ಆಪರೇಷನ್ ಆದರೂ ಕಾಲಿಗಿಳಿಯುವ ನೋವು ಹೋಗಲಿಲ್ಲ. ಕೊನೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಹಾಕಿಸಿದರು. ಬೆನ್ನುಹುರಿಯ ಪಕ್ಕದಲ್ಲಿ ತೆಳುವಾದ ತಂತಿ, ಸೊಂಟದ ಚರ್ಮದಡಿ ಒಂದು ಸಣ್ಣ ಬ್ಯಾಟರಿ ಪೆಟ್ಟಿಗೆ. ಅದರ ವಿದ್ಯುತ್ ಮಿಡಿತ ನೋವಿನ ಅರಿವನ್ನು ಮಂಕಾಗಿಸುತ್ತದೆ. ಎಂಟು ತಿಂಗಳಿಗೆ ತಂತಿ ಜಾಗ ಬಿಟ್ಟು ಜಾರಿತು. ಈಗ ಹಳೆಯ ನೋವಿನ ಜೊತೆಗೆ ಬಗ್ಗಿದರೆ ಶಾಕ್ ಹೊಡೆದ ಅನುಭವ. ಆಸ್ಪತ್ರೆಯವರು ‘ಕಂಪನಿಯವರನ್ನು ಕೇಳಿ’ ಎಂದರು, ಕಂಪನಿಯ ಪ್ರತಿನಿಧಿ ‘ಹಾಕಿದ್ದು ಡಾಕ್ಟರು’ ಎಂದರು. ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ. ಎರಡು ಟೀಮುಗಳ ನಡುವೆ ಒಂದು ಬಗ್ ವರ್ಷಗಟ್ಟಲೆ ಓಡಾಡಿಕೊಂಡಿರಬಲ್ಲದು. ಆದರೆ ಇಲ್ಲಿ ಬಗ್ ಇರುವುದು ಒಬ್ಬರ ಮೈಯೊಳಗೆ.

“ಕೇಸ್ ಹಾಕಾಕ ಬೆಂಗಳೂರಿಗೇ ಹೋಗ್ಬೇಕೇನ್ರಿ? ಅಷ್ಟು ರಜಾ ಯಾರು ಕೊಡ್ತಾರ್ರಿ?” ಎಂದು ಅವರು ಕೇಳಿದರು. ನಾನು ವಕೀಲನಲ್ಲ. ಕಾಯ್ದೆ ಓದಿ, ತಿಳಿದವರನ್ನು ಕೇಳಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬಂದ ನಮ್ಮಂಥ ಹಲವರಿಗೆ ಬೇಕಾಗಬಹುದು.

ಮೊದಲಿಗೆ ಸಮಾಧಾನದ ಮಾತು: ಹೋಗಬೇಕಿಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ 34ನೇ ಕಲಂ ಪ್ರಕಾರ, ದೂರುದಾರರು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಹಳೆಯ 1986ರ ಕಾಯ್ದೆಯಲ್ಲಿ ಈ ಸೌಲಭ್ಯ ಇರಲಿಲ್ಲ. ರೋಗಿ ತಂದೆಯಾದರೂ ಹಣ ಕಟ್ಟಿದ ಮಗ ದೂರುದಾರನಾಗಬಹುದೇ? ಸೇವೆಯನ್ನು ಗೊತ್ತುಮಾಡಿದವರೂ ಅದನ್ನು ಪಡೆದವರೂ ಇಬ್ಬರೂ ಗ್ರಾಹಕರೇ ಎಂದು 1998ರಲ್ಲೇ ಸುಪ್ರೀಂ ಕೋರ್ಟ್ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದಲ್ಲಿ ಹೇಳಿದೆ. ‘ಬಿಲ್ಲು ಕಟ್ಟಿದ್ದು ಕಂಪನಿಯ ಇನ್ಶೂರೆನ್ಸ್, ನಾನು ಹೇಗೆ ಗ್ರಾಹಕ?’ ಎಂಬ ಅನುಮಾನಕ್ಕೂ 1995ರ ವಿ.ಪಿ. ಶಾಂತಾ ತೀರ್ಪಿನಲ್ಲಿ ಉತ್ತರವಿದೆ. ವಿಮೆಯವರು ಹಣ ಕೊಟ್ಟರೂ ಅದು ಹಣ ತೆತ್ತು ಪಡೆದ ಸೇವೆಯೇ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಮಾತ್ರ ಈ ಕಾಯ್ದೆಯ ಹೊರಗೆ.

ಇಷ್ಟೆಲ್ಲ ನಾವೇ ಏಕೆ ಮಾಡಬೇಕು, ಸರ್ಕಾರ ಪರಿಹಾರ ಕೊಡಿಸುವುದಿಲ್ಲವೇ? ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ದೊಡ್ಡ ಪ್ರಕರಣವೆಂದರೆ ಜಾನ್ಸನ್ ಆ್ಯಂಡ್ ಜಾನ್ಸನ್ ಸಮೂಹದ ಡೆಪ್ಯೂ ಕಂಪನಿಯ ಎಎಸ್‌ಆರ್ ಸೊಂಟದ ಕೀಲಿನದು. ಅದನ್ನೂ ಜನ ಹಾಕಿಸಿಕೊಂಡದ್ದು ನೋವು ಕಳೆಯಲೆಂದೇ. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರಿದವು. 2010ರ ಆಗಸ್ಟ್‌ನಲ್ಲಿ ಕಂಪನಿ ಜಗತ್ತಿನಾದ್ಯಂತ ಅದನ್ನು ಹಿಂಪಡೆಯಿತು. ಅಷ್ಟರೊಳಗೆ ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಾಗಿದ್ದವು. ಕೇಂದ್ರ ಸರ್ಕಾರ ತಜ್ಞರ ಸಮಿತಿ ಮಾಡಿದ್ದು 2017ರಲ್ಲಿ. ಸುಮಾರು 3,600 ರೋಗಿಗಳು ಎಲ್ಲಿದ್ದಾರೆಂದೇ ಪತ್ತೆಯಾಗಲಿಲ್ಲ. 2018ರ ಕೊನೆಗೆ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗಿನ ಪರಿಹಾರದ ಸೂತ್ರ ಬಂತು, ಕಂಪನಿ ದೆಹಲಿ ಹೈಕೋರ್ಟ್‌ಗೆ ಹೋಯಿತು. 2019ರ ಮೇ ತಿಂಗಳಲ್ಲಿ, ಮರುಶಸ್ತ್ರಚಿಕಿತ್ಸೆ ಆಗಿದ್ದ 67 ಮಂದಿಗೆ ತಲಾ 25 ಲಕ್ಷ ಕೊಡಲು ಅಲ್ಲಿ ಒಪ್ಪಿತು. 4,700 ಎಲ್ಲಿ, 67 ಎಲ್ಲಿ! ವೈದ್ಯಕೀಯ ಉಪಕರಣಗಳ ನಿಯಮ 2017 ಪರವಾನಗಿ, ಪರೀಕ್ಷೆ, ಹಿಂಪಡೆಯುವಿಕೆಯನ್ನು ನೋಡಿಕೊಳ್ಳುತ್ತದೆ. ಮಾರುಕಟ್ಟೆಗೆ ಬಂದ ಉಪಕರಣದಿಂದ ತೊಂದರೆಯಾದ ರೋಗಿಗೆ ಹಣ ಕೊಡಿಸುವ ದಾರಿ ಅದರಲ್ಲಿಲ್ಲ.

ಉಳಿದದ್ದು ಗ್ರಾಹಕ ಆಯೋಗ. 2019ರ ಕಾಯ್ದೆ ಉತ್ಪನ್ನ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯ ಸೇರಿಸಿತು. ತಯಾರಿಕೆಯ ದೋಷ, ವಿನ್ಯಾಸದ ದೋಷ, ಸಾಕಷ್ಟು ಎಚ್ಚರಿಕೆ ಕೊಡದಿರುವುದು, ಯಾವುದಾದರೂ ಸಾಬೀತಾದರೆ ತಯಾರಕರು ಹೊಣೆ. ಸ್ಟಿಮ್ಯುಲೇಟರ್‌ಗಳು ಹೆಚ್ಚಾಗಿ ವಿದೇಶದವು. ಆ ಕಂಪನಿಗೆ ನೋಟಿಸ್ ಮುಟ್ಟಿಸಲು ಅಥವಾ ಆದೇಶ ಜಾರಿ ಮಾಡಲು ಆಗದಿದ್ದರೆ ಮಾರಿದವರು ಹೊಣೆ. ಆಮದು ಮಾಡಿದವರೂ ಮಾರಾಟಗಾರರ ಲೆಕ್ಕಕ್ಕೇ ಬರುತ್ತಾರೆ.

ಕೊಕ್ಕೆ ಇರುವುದು 87ನೇ ಕಲಮಿನಲ್ಲಿ. ತಜ್ಞರ ಉಸ್ತುವಾರಿಯಲ್ಲಷ್ಟೇ ಬಳಸಬೇಕಾದ ವಸ್ತುವಿನ ಅಪಾಯಗಳನ್ನು ತಯಾರಕರು ಆ ತಜ್ಞರಿಗೆ ತಿಳಿಸಿದ್ದರೆ ಸಾಕು, ‘ಎಚ್ಚರಿಕೆ ಕೊಡಲಿಲ್ಲ’ ಎಂದು ಅವರನ್ನು ಹಿಡಿಯುವಂತಿಲ್ಲ. ಅಂದರೆ ಕಂಪನಿ ‘ಡಾಕ್ಟರಿಗೆ ಹೇಳಿದ್ದೆವು’ ಎಂದು ಕೈ ತೊಳೆದುಕೊಳ್ಳಬಹುದು. ಆಗ ಪ್ರಶ್ನೆ ವೈದ್ಯರ ಮುಂದೆ ಬರುತ್ತದೆ: ನಿಮಗೆ ಗೊತ್ತಿದ್ದದ್ದನ್ನು ರೋಗಿಗೆ ಹೇಳಿದಿರಾ? ಅಪಾಯ, ಬೇರೆ ಚಿಕಿತ್ಸೆ ಎರಡನ್ನೂ ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ ಎಂದು 2008ರ ಸಮೀರಾ ಕೊಹ್ಲಿ ತೀರ್ಪು ಹೇಳುತ್ತದೆ. ಅಮೆರಿಕದ ಔಷಧ ನಿಯಂತ್ರಕರಿಗೆ 2016ರ ಜುಲೈನಿಂದ ನಾಲ್ಕು ವರ್ಷಗಳಲ್ಲಿ ಈ ಸ್ಟಿಮ್ಯುಲೇಟರ್‌ಗಳ ಬಗ್ಗೆ 1,07,728 ವರದಿಗಳು ಬಂದಿದ್ದವು. ವರದಿಯೆಂದರೆ ಸಾಬೀತಾದ ದೋಷವಲ್ಲ, ನಿಜ. ಆದರೂ 2020ರ ಸೆಪ್ಟೆಂಬರ್‌ನಲ್ಲಿ ಅವರು ವೈದ್ಯರಿಗೆ ಪತ್ರ ಬರೆದು, ಕಾಯಂ ಆಗಿ ಹಾಕುವ ಮೊದಲು ತಾತ್ಕಾಲಿಕ ತಂತಿ ಹಾಕಿ ನೋವು ನಿಜಕ್ಕೂ ಇಳಿಯುತ್ತದೆಯೇ ನೋಡಿ ಎಂದರು. ಗೆಳೆಯರ ತಂದೆಗೆ ಅಂಥ ಪರೀಕ್ಷೆಯಾದ ದಾಖಲೆ ನಮಗೆ ಇನ್ನೂ ಸಿಕ್ಕಿಲ್ಲ. ಸಹಿ ಹಾಕಿದ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು, ಅವರು ಓದಿದ್ದು ಕನ್ನಡ ಏಳನೇ ತರಗತಿ.

ಆದ್ದರಿಂದ ಒಬ್ಬರನ್ನೇ ಪ್ರತಿವಾದಿ ಮಾಡಿ ಹೋದರೆ ಅವರು ಇಲ್ಲದವರ ಕಡೆ ಬೆರಳು ತೋರಿಸುತ್ತಾರೆ. ವೈದ್ಯರು, ಆಸ್ಪತ್ರೆ, ಆಮದುದಾರರು, ತಯಾರಕರು ಎಲ್ಲರ ಹೆಸರೂ ಒಂದೇ ದೂರಿನಲ್ಲಿ ಇರಲಿ.

ಇನ್ನೊಂದು ಹೆದರಿಕೆ ತಾರೀಖಿನದು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ತಡಕ್ಕೆ ಸರಿಯಾದ ಕಾರಣವಿದ್ದರೆ ಆಯೋಗ ಮನ್ನಿಸಬಹುದು, ಆದರೆ ಅದನ್ನು ನೆಚ್ಚಬಾರದು. 1993ರ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯೊಳಗೆ ಬಟ್ಟೆ ಉಳಿದದ್ದು 2002ರಲ್ಲಿ ಪತ್ತೆಯಾದ ಪ್ರಕರಣವೊಂದಿದೆ. 2010ರ ಶ್ರೀಖಂಡೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ದೂರನ್ನು ಕಾಲಮಿತಿ ಮೀರಿದ್ದೆಂದು ತಳ್ಳಿತು. ದೂರುದಾರರು ಸ್ವತಃ ನರ್ಸ್, ಅಷ್ಟು ವರ್ಷ ನೋವಿದ್ದೂ ಏಕೆ ವಿಚಾರಿಸಲಿಲ್ಲ ಎಂಬುದು ಕೋರ್ಟಿನ ಪ್ರಶ್ನೆ. ನನಗೆ ಆ ತೀರ್ಪು ಕಠಿಣವೆನಿಸಿತು. ನೋವು ನುಂಗಿಕೊಳ್ಳುವುದು ನಮ್ಮ ಹಿರಿಯರ ಸ್ವಭಾವ, ಕಾನೂನು ಅದನ್ನು ಸುಮ್ಮನಿದ್ದ ಲೆಕ್ಕಕ್ಕೆ ಹಾಕುತ್ತದೆ.

ಪೊಲೀಸ್ ದಾರಿ ಬೇರೆ. 2024ರ ನವೆಂಬರ್‌ನಲ್ಲಿ ಅಹಮದಾಬಾದ್‌ನ ಖ್ಯಾತಿ ಆಸ್ಪತ್ರೆಯಲ್ಲಿ ಆ್ಯಂಜಿಯೊಪ್ಲಾಸ್ಟಿಯಾದ ಹಳ್ಳಿಯ ಇಬ್ಬರು ಸತ್ತಾಗ ಬಂಧನಗಳಾದವು. ಸಾವು, ವಂಚನೆಯ ಆರೋಪ ಇಲ್ಲದ ಕಡೆ ಅದು ಕಷ್ಟ, ವೈದ್ಯರ ಮೇಲೆ ಕ್ರಿಮಿನಲ್ ಕೇಸಿಗೆ ಘೋರ ನಿರ್ಲಕ್ಷ್ಯವೇ ಬೇಕೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ.

ಖರ್ಚಿಗೆ ಹೆದರಬೇಕಿಲ್ಲ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ, ಶುಲ್ಕ ಹೆಚ್ಚೆಂದರೆ 1,000 ರೂಪಾಯಿ, 5 ಲಕ್ಷದವರೆಗೆ ಅದೂ ಇಲ್ಲ. ಕೇಳುವ ಪರಿಹಾರ ಎಷ್ಟೇ ದೊಡ್ಡದಿರಲಿ, ಲೆಕ್ಕಕ್ಕೆ ಬರುವುದು ನಾವು ಕೊಟ್ಟ ಹಣ ಮಾತ್ರ. ಕಾರಿಗೆ ಬೆಂಕಿ ಹತ್ತಿ ಗಂಡನನ್ನು ಕಳೆದುಕೊಂಡ ಮಹಿಳೆಯೊಬ್ಬರು 51 ಕೋಟಿ ರೂಪಾಯಿಗೂ ಹೆಚ್ಚು ಕೇಳಿದರೂ, ಕಾರಿಗೆ ಕೊಟ್ಟ ಬೆಲೆ ಅದಕ್ಕಿಂತ ಬಹಳ ಕಡಿಮೆಯಾದ್ದರಿಂದ ವಡೋದರಾದ ಜಿಲ್ಲಾ ಆಯೋಗಕ್ಕೇ ಹೋಗಬೇಕಾಯಿತು. ಈ ನಿಯಮವನ್ನು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ದೂರನ್ನು ಇ-ಜಾಗೃತಿ ಪೋರ್ಟಲ್‌ನಲ್ಲಿ ಸಲ್ಲಿಸಬಹುದು, ವಿಡಿಯೊ ವಿಚಾರಣೆ ಕೇಳಬಹುದು, ವಕೀಲರು ಕಡ್ಡಾಯವಲ್ಲ. ಒಬ್ಬರೇ ಎನಿಸಿದರೆ ಅಹಮದಾಬಾದ್‌ನ ಥಲ್ತೇಜ್‌ನಲ್ಲಿ ಪ್ರೊ. ಮನುಭಾಯಿ ಷಾ 1978ರಲ್ಲಿ ಕಟ್ಟಿದ ಕನ್ಸ್ಯೂಮರ್ ಎಜುಕೇಷನ್ ಆ್ಯಂಡ್ ರಿಸರ್ಚ್ ಸೆಂಟರ್ ಇದೆ.

ಬೇಗ ಮುಗಿಯುತ್ತದೆ ಎಂದು ಮಾತ್ರ ಯಾರೂ ಹೇಳಲಾರರು. ಬಾಲಾಸಿನೋರ್‌ನಲ್ಲಿ 2011ರಲ್ಲಿ ಕಲ್ಲು ತೆಗೆಯುವ ಬದಲು ಮೂತ್ರಪಿಂಡವನ್ನೇ ತೆಗೆದ ಪ್ರಕರಣದಲ್ಲಿ ಗುಜರಾತ್ ರಾಜ್ಯ ಆಯೋಗ 11.23 ಲಕ್ಷ ರೂಪಾಯಿ ಕೊಡಲು ಹೇಳಿದ್ದು 2021ರಲ್ಲಿ. ಅಷ್ಟು ವರ್ಷ ಬಾಳಬೇಕಾದದ್ದು ಕಾಗದ ಪತ್ರ. ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿ ನಿಯಮ ಇದೆ, ಆದರೆ ಇಟ್ಟುಕೊಳ್ಳಬೇಕಾದದ್ದು ಮೂರೇ ವರ್ಷ. ಉಪಕರಣದ ಸ್ಟಿಕ್ಕರ್ ಎಲ್ಲಕ್ಕಿಂತ ಮುಖ್ಯ, ಮಾಡೆಲ್ ಮತ್ತು ಸೀರಿಯಲ್ ನಂಬರ್ ಅದರಲ್ಲೇ ಇರುತ್ತದೆ. ಯಂತ್ರ ಹೊರತೆಗೆಸುವುದಾದರೆ ಅದನ್ನು ಕಂಪನಿಯವರ ಕೈಗೆ ಕೊಡದೆ ಕಾಪಾಡಿಡಿ ಎಂದು ಆಪರೇಷನ್‌ಗೆ ಮೊದಲೇ ಬರೆದುಕೊಡಿ.

ಜೊತೆಗೆ 1800-180-3024ಕ್ಕೆ ಒಂದು ಕರೆ. ಉಪಕರಣಗಳ ತೊಂದರೆ ದಾಖಲಿಸುವ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮ 2015ರಿಂದ ಇದೆ. ಹೇಳಲು ಡಾಕ್ಟರೇ ಆಗಬೇಕಿಲ್ಲ, ಸೂರತ್‌ನಲ್ಲಿ ಕುಳಿತ ಮಗ ಹೇಳಿದರೂ ಬರೆದುಕೊಳ್ಳುತ್ತಾರೆ.