ಶುಶ್ರೂಷೆಯೂ ತಪಸ್ಸೇ

ಜೈನಧರ್ಮದಲ್ಲಿ ತಪಸ್ಸು ಬಾಹ್ಯ, ಆಭ್ಯಂತರವೆಂದು ಎರಡು ಬಗೆ. ಉಪವಾಸವು ಬಾಹ್ಯತಪಸ್ಸಾದರೆ, ಸೇವಾರೂಪವಾದ ವೈಯಾವೃತ್ತ್ಯವು ಆಭ್ಯಂತರ ತಪಸ್ಸು. ತತ್ತ್ವಾರ್ಥಸೂತ್ರವು ಈ ಸೇವೆಗೆ ಪಾತ್ರರಾದ ಹತ್ತು ಬಗೆಯವರನ್ನು ಹೆಸರಿಸುತ್ತದೆ. ಅವರಲ್ಲಿ ‘ಗ್ಲಾನ’ನೆಂದರೆ ವ್ಯಾಧಿಯಿಂದ ಬಳಲಿದ ಮುನಿ. ಶ್ರಾವಕನು ಈ ಭಾವವನ್ನು ಬಳಲಿದ ನೆರೆಮನೆಯವರೆಗೂ ವಿಸ್ತರಿಸಿಕೊಂಡರೆ ಅದು ಧರ್ಮಕ್ಕೆ ಹೊರತಲ್ಲ.

2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಮುಚ್ಚಿದಾಗ, ಆಟಿಸಂ ಇರುವ ಮಕ್ಕಳ ದಿನಚರಿ ಒಮ್ಮೆಲೇ ಕಳಚಿಬಿದ್ದಿತು. ಆಟಿಸಂ ರೋಗವಲ್ಲ, ಮಿದುಳಿನ ಬೆಳವಣಿಗೆಯ ಭಿನ್ನತೆ. ಇವರಲ್ಲಿ ಅನೇಕರಿಗೆ ನಿನ್ನೆಯಂತೆಯೇ ಇಂದೂ ಇರುವುದೇ ನೆಮ್ಮದಿ: ಅದೇ ಶಾಲೆಯ ದಾರಿ, ಅದೇ ಹೊತ್ತಿನ ಊಟ, ಅದೇ ಶಿಕ್ಷಕಿಯ ದನಿ. ಅವು ಏಕೆ ನಿಂತವೆಂದು ತಿಳಿಯದ ಮಗು ಕೂಗಿತು, ತಲೆ ಚಚ್ಚಿಕೊಂಡಿತು. ಮುಖಗವಸಿನ ಸ್ಪರ್ಶವೇ ಕೆಲವರಿಗೆ ಅಸಹನೀಯವಾಯಿತು. ಮಾತಿನ ತರಬೇತಿ ಮೊಬೈಲ್ ಪರದೆಗೆ ಸರಿದಾಗ, ಕೈಹಿಡಿದು ಕಲಿಸುವ ಭಾರವೆಲ್ಲ ತಾಯಿಯ ಪಾಲಾಯಿತು. ಇದನ್ನರಿತು ಫ್ರಾನ್ಸ್ ಮತ್ತು ಬ್ರಿಟನ್ ದೇಶಗಳು ಆ ಏಪ್ರಿಲ್‌ನಲ್ಲಿಯೇ ಇಂಥವರು ಹೊರಗೆ ನಡೆದಾಡಲು ನಿಯಮವನ್ನು ಸಡಿಲಿಸಿದವು.

ಆ ತಾಯಿಯ ಮುಂದೆ ನಿಂತು ‘ಎಲ್ಲ ಪೂರ್ವಕರ್ಮ’ ಎಂದು ಹೇಳಿಹೋಗುವವರುಂಟು. ಕರ್ಮಸಿದ್ಧಾಂತವಿರುವುದು ತನ್ನ ಅಂತರಂಗವನ್ನು ತಾನೇ ಶೋಧಿಸಿಕೊಳ್ಳಲು; ಪರರ ದುಃಖವನ್ನು ಅಳೆಯಲು ಅಲ್ಲ. ನೊಂದವರನ್ನು ಮತ್ತೆ ನೋಯಿಸುವ ಮಾತು ವಾಚಿಕ ಹಿಂಸೆಯೇ ಸರಿ.

ಸೋಂಕು ಇಳಿದರೂ ಬಳಲಿಕೆ ಇಳಿಯಲಿಲ್ಲ. ಬಹುಕಾಲ ಮನೆಯೊಳಗಿದ್ದ ಮಗುವಿಗೆ ಶಾಲೆಯ ಗದ್ದಲವೇ ಹೊಸದು. ಮೊದಲು ಅರ್ಧ ಗಂಟೆ, ಬಳಿಕ ಅರ್ಧ ದಿನ ಎಂಬಂತೆ ಅದನ್ನು ಮೆಲ್ಲನೆ ಒಗ್ಗಿಸಬೇಕು. ಮುಂದೆ ನಡೆಯುವುದನ್ನು ಚಿತ್ರಗಳ ಮೂಲಕ ಮುಂಚಿತವಾಗಿ ತಿಳಿಸಬೇಕು. ವಾದ್ಯಘೋಷವಿಲ್ಲದ ಹೊತ್ತಿನಲ್ಲಿ ಇಂಥ ಕುಟುಂಬವನ್ನು ಬಸದಿಯ ದರ್ಶನಕ್ಕೆ ಕರೆಯಬಹುದು. ಮಗುವಿಗೆ ಪರಿಚಿತರಾದವರು ವಾರಕ್ಕೊಂದು ಗಂಟೆ ಅದರ ಜೊತೆಗಿದ್ದರೆ ತಾಯಿ ನಿಶ್ಚಿಂತೆಯಿಂದ ಕಣ್ಣುಮುಚ್ಚಬಲ್ಲಳು.

ಕಾನೂನಿನ ನೆರವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಸೇರಿದೆ. ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯವಿಮೆ ಉಂಟು. ‘ನಮ್ಮ ನಂತರ ಇವನಿಗೆ ಯಾರು?’ ಎಂಬುದು ತಂದೆತಾಯಿಯರನ್ನು ಇರುಳೆಲ್ಲ ಕಾಡುವ ಪ್ರಶ್ನೆ. ಮಗು ವಯಸ್ಕನಾದ ಮೇಲೂ ಪೋಷಕರನ್ನು ನೇಮಿಸುವ ವ್ಯವಸ್ಥೆಯನ್ನು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಕಲ್ಪಿಸಿದೆ. ಅರ್ಜಿ ಬರೆದುಕೊಡುವುದು, ಕಚೇರಿಗೆ ಜೊತೆಯಾಗಿ ಹೋಗುವುದು ಅಕ್ಷರ ಬಲ್ಲ ಯಾವ ಶ್ರಾವಕನಿಗೂ ಸಾಧ್ಯ.

ಪರಸ್ಪರ ಉಪಕಾರವೇ ಜೀವಿಗಳ ಸ್ವಭಾವವೆಂದು ಬಸದಿಯಲ್ಲಿ ಕೇಳಿದವರು, ಆ ಮನೆಯ ಬಾಗಿಲನ್ನು ಒಮ್ಮೆ ತಟ್ಟಲಿ.