ಮುರಿದ ನಳಕ್ಕೆ ಗೋಡೆ ಒಡೀಬ್ಯಾಡ್ರಿ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ದನದ ನೀರಿನ ಹೌದ ಕಟ್ಟಲಿಕ್ಕೂ ಶಹಾಬಾದ್ ಫರ್ಸಿಯೇ. ಅದರ ಜಿಐ ನಳ ತುಕ್ಕು ಹಿಡಿದು ಮುರಿದರೆ ಥ್ರೆಡ್ಡಿನ ತುಂಡು ಗೋಡೆಯೊಳಗಿನ ಸಾಕೆಟ್ಟಿನಲ್ಲೇ ಉಳಿಯುತ್ತದೆ. ಪಾನಾಕ್ಕೆ ಹಿಡಿತ ಸಿಗದು. ‘ಗೋಡೆ ಒಡೀರಿ’ ಅನ್ನುವವರೇ ಬಹಳ. ಆದರೆ ಇದು ಪದರುಗಲ್ಲು. ಪೆಟ್ಟು ತಪ್ಪಿದರೆ ಸೀಳಿ ಹೌದವೇ ಸೋರೀತು.

ಕೊಡಗಳಿಗೆ ನೀರು ತುಂಬಿಟ್ಟುಕೊಂಡು ಹೌದ ಖಾಲಿ ಮಾಡಿ. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ತುಂಡಿನ ಒಳಮೈಯಲ್ಲಿ ಅರ್ಧ ಬೆರಳು ಅಂತರ ಬಿಟ್ಟು ಉದ್ದಕ್ಕೆ ಎರಡು ಗೀರು ಕೊಯ್ಯಿರಿ. ಸಾಕೆಟ್ಟಿನ ಥ್ರೆಡ್ಡಿಗೆ ಬ್ಲೇಡು ತಾಗಬಾರದು. ಗೀರುಗಳ ನಡುವಿನ ಪಟ್ಟಿಯನ್ನು ಸಣ್ಣ ಚಾಣದಿಂದ ಒಳಕ್ಕೆ ಬಗ್ಗಿಸಿದರೆ ತುಂಡು ಸಡಿಲಾಗುತ್ತದೆ. ಇಕ್ಕಳದಿಂದ ಎಡಕ್ಕೆ ತಿರುವಿ ತೆಗೆಯಿರಿ. ಒಳಗೆ ಅಂಟಿದ ಸುಣ್ಣ, ತುಕ್ಕು ಕೆರೆದು, ಹೊಸ ನಿಪ್ಪಲ್ಲಿಗೆ ಟೇಪು ಬಲಸುತ್ತು ಸುತ್ತಿ ಬಿಗಿಯಿರಿ.

ಗೋಡೆಯೂ ಉಳಿಯಿತು, ಸಂಜೆಗೆ ದನಕ್ಕೆ ನೀರೂ ಆಯ್ತು.