ಹತ್ತು ಮಕ್ಕಳಿಗೊಬ್ಬ ಅಕ್ಕ, ಹತ್ತು ಮಕ್ಕಳಿಗೊಬ್ಬ ಅಣ್ಣ

ಬೇಸಿಗೆ ರಜೆ ಬಿತ್ತೆಂದರೆ ಬೇತಮಂಗಲ, ಕೆ.ಜಿ.ಎಫ್., ಬಂಗಾರಪೇಟೆ ಸೀಮೆಯ ಕ್ರೈಸ್ತ ಸಭೆಗಳ ಅಂಗಳದಲ್ಲಿ ಶಾಮಿಯಾನ ಏಳುತ್ತದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಡೋಲಕ್ಕು, ಕೀಬೋರ್ಡು, ಚಪ್ಪಾಳೆ. ಮಧ್ಯಾಹ್ನ ಬಿಸಿಲೇರುವ ಮುಂಚೆ ಬನ್ನು, ಶರಬತ್ತು ಕೈಗಿಟ್ಟು ಮಕ್ಕಳನ್ನು ಮನೆಗೆ ಕಳಿಸುತ್ತಾರೆ. ಎಲ್ಲರ ಬಾಯಲ್ಲೂ ಇದು ವಿ.ಬಿ.ಎಸ್., ಅಂದರೆ ರಜಾಕಾಲದ ಬೈಬಲ್ ಶಾಲೆ. ದೊಡ್ಡ ಮಕ್ಕಳಿಗೆ ಇದರ ಮುಂದುವರಿಕೆಯಾಗಿ ಮೂರು ನಾಲ್ಕು ದಿನ ಅಲ್ಲೇ ಉಳಿಯುವ ಕ್ಯಾಂಪ್ ಇರುತ್ತದೆ. ಹಾಡು, ಕುಣಿತ, ಕೊನೆಯ ದಿನದ ಮೆರವಣಿಗೆ ಊರಿಗೆಲ್ಲ ಕಾಣುತ್ತವೆ. ಅದರ ಹಿಂದೆ ಒಂದು ತಿಂಗಳಿಂದ ತಯಾರಾದ ಹುಡುಗ ಹುಡುಗಿಯರು ಮಾತ್ರ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಬರಹ ಅವರ ಬಗ್ಗೆ.

ಕೌನ್ಸೆಲರ್ ಎಂಬುದು ಅವರ ಹುದ್ದೆಯ ಹೆಸರು. ಮಕ್ಕಳಿಗೆ ಅವರು ಅಕ್ಕ, ಅಣ್ಣ. ಹೆಚ್ಚಿನವರು ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿದವರು, ಡಿಗ್ರಿಯಲ್ಲೋ ನರ್ಸಿಂಗ್‌ನಲ್ಲೋ ಓದುತ್ತಿರುವವರು. ಸಂಬಳವಿಲ್ಲ. ಎಂಟು ಹತ್ತು ಮಕ್ಕಳ ಒಂದು ಗುಂಪು ಅವರ ಸುಪರ್ದಿಗೆ ಬರುತ್ತದೆ. ಆ ಮಕ್ಕಳು ಉಂಡರೋ, ಬಿದ್ದರೋ, ಅತ್ತರೋ ನೋಡಿಕೊಳ್ಳುವ ಹೊಣೆ ಅವರದು.

ರಜೆಯಲ್ಲಿ ಮಕ್ಕಳನ್ನು ಸೇರಿಸಿ ಕಲಿಸುವ ಈ ಪದ್ಧತಿಯ ಬೇರು ಅಮೆರಿಕದಲ್ಲಿದೆ. 1898ರಲ್ಲಿ ನ್ಯೂಯಾರ್ಕಿನ ಶ್ರೀಮತಿ ಹಾಸ್ ಬೀದಿಯಲ್ಲಿ ಅಲೆಯುವ ಮಕ್ಕಳಿಗಾಗಿ ಮದ್ಯದಂಗಡಿಯೊಂದನ್ನು ಬಾಡಿಗೆಗೆ ಹಿಡಿದು ಪಾಠ ಶುರುಮಾಡಿದರು. ರಾಬರ್ಟ್ ಬೋವಿಲ್ 1901ರಿಂದ ಅದನ್ನು ಊರೂರಿಗೆ ಹಬ್ಬಿಸಿದರು. ನಮ್ಮ ಕೋಲಾರ ಸೀಮೆಯಲ್ಲಿ ಮಕ್ಕಳ ಸುತ್ತ ಕಟ್ಟಿದ ಕ್ರೈಸ್ತ ಸೇವೆ ಅದಕ್ಕೂ ಹಿಂದಿನದು. 1876-78ರ ಧಾತು ಈಶ್ವರ ಬರದಲ್ಲಿ ತಂದೆತಾಯಿ ಇಲ್ಲದಾದ ಮಕ್ಕಳನ್ನು ಲೂಯಿಸಾ ಆನ್‌ಸ್ಟಿ ಎಂಬ ಮಹಿಳೆ ಕೋಲಾರದಲ್ಲಿ ಸಾಕಿದರು. 1890ರಲ್ಲಿ ಆ ಕೆಲಸವನ್ನು ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ವಹಿಸಿಕೊಟ್ಟರು.

ಆ ಬರ ಈಗಿಲ್ಲ. ಆದರೆ ಹಗಲೆಲ್ಲ ದೊಡ್ಡವರಿಲ್ಲದ ಮನೆಗಳು ಇಲ್ಲಿ ಬೇಕಾದಷ್ಟಿವೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಈ ಸೀಮೆಯ ದುಡಿಮೆ ರೈಲು ಹತ್ತಿತು. ಮಾರಿಕುಪ್ಪಂನಿಂದ ನಸುಕಿನಲ್ಲೇ ಹೊರಡುವ ಗಾಡಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಸಾವಿರಾರು ಜನರನ್ನು ಹೊತ್ತೊಯ್ಯುತ್ತದೆ. ರೈಲಿಲ್ಲದ ಬೇತಮಂಗಲದವರು ಬಸ್ಸು ಹಿಡಿದು ಬಂದು ಅದಕ್ಕೆ ಕೂಡಿಕೊಳ್ಳುತ್ತಾರೆ. ಮಗು ಏಳುವ ಮುಂಚೆ ಹೋದ ಅಪ್ಪ ಅಮ್ಮ ಮಗು ಮಲಗುವ ಹೊತ್ತಿಗೆ ಬರುತ್ತಾರೆ. ಶಾಲೆ ಇದ್ದಾಗ ಹೇಗೋ ನಡೆಯುತ್ತದೆ. ರಜೆಯಲ್ಲಿ ಅಜ್ಜಿ ಮತ್ತು ಮೊಬೈಲು. ಇಂಥ ಮಗುವಿಗೆ ಬೆಳಗಿನ ಹೊತ್ತು ಮೂರು ತಾಸು ತನ್ನನ್ನೇ ಹೆಸರು ಹಿಡಿದು ಕರೆಯುವ ಒಬ್ಬ ಅಕ್ಕ ಸಿಗುವುದು ಸಣ್ಣ ಮಾತಲ್ಲ. ಹೀಗಾಗಿ ಕೌನ್ಸೆಲರ್ ತರಬೇತಿಯಲ್ಲಿ ಹಾಡಿಗಿಂತ ಮೊದಲು ಕಲಿಯಬೇಕಾದದ್ದು ಮಗುವನ್ನು ನೋಡುವುದು, ಅದು ಹೇಳಿದ್ದನ್ನು ಕೇಳಿಸಿಕೊಳ್ಳುವುದು ಎಂದು ನಾನು ನಂಬಿದ್ದೇನೆ.

ತರಬೇತಿ ಸಾಮಾನ್ಯವಾಗಿ ಎರಡು ಮೂರು ದಿನ ನಡೆಯುತ್ತದೆ. ಆ ವರ್ಷದ ಪುಸ್ತಕ, ಅಭಿನಯ ಗೀತೆ, ಕಂಠಪಾಠದ ವಚನ, ಕೈಕೆಲಸ ಎಲ್ಲವನ್ನೂ ವಯಸ್ಸಿಗೆ ತಕ್ಕಂತೆ ಹಂಚುತ್ತಾರೆ. ಅದರಲ್ಲಿ ಕಥೆ ಹೇಳುವ ಅಭ್ಯಾಸವನ್ನು ಹತ್ತಿರದಿಂದ ನೋಡಬೇಕು. ಹಲಗೆಗೆ ಫ್ಲಾನೆಲ್ ಬಟ್ಟೆ ಬಿಗಿದಿರುತ್ತದೆ. ಕತ್ತರಿಸಿದ ಚಿತ್ರಗಳ ಬೆನ್ನಿಗೆ ಉಪ್ಪುಕಾಗದದ ಚೂರು ಅಂಟಿಸಿರುತ್ತಾರೆ, ಒತ್ತಿದರೆ ಬಟ್ಟೆಗೆ ಕಚ್ಚಿಕೊಳ್ಳಲಿ ಎಂದು. ಲೂಕನ ಸುವಾರ್ತೆಯ ಕಳೆದುಹೋದ ಕುರಿಯ ಕಥೆಯನ್ನು ಮೊದಲ ಸಲ ಹೇಳುವ ಹುಡುಗಿ ಚಿತ್ರ ಅಂಟಿಸುವ ಭರದಲ್ಲಿ ಮಕ್ಕಳಿಗೆ ಬೆನ್ನು ಹಾಕಿಬಿಡುತ್ತಾಳೆ. ತರಬೇತಿ ಕೊಡುವವರು ಅಲ್ಲೇ ತಡೆಯುತ್ತಾರೆ: ಪಕ್ಕಕ್ಕೆ ನಿಲ್ಲು, ಕೈ ಹಲಗೆಯ ಮೇಲಿರಲಿ, ಕಣ್ಣು ಮಕ್ಕಳ ಮೇಲಿರಲಿ. ಇನ್ನೊಂದು ಮಾತೂ ಹೇಳುತ್ತಾರೆ. ಕೋಲಾರದ ಹಳ್ಳಿ ಮಕ್ಕಳಿಗೆ ಕುರಿ ಎಂದರೇನು ಎಂದು ವಿವರಿಸಲು ಹೋಗಬೇಡ, ಕುರಿ ತಪ್ಪಿಸಿಕೊಂಡರೆ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಅವರನ್ನೇ ಕೇಳು. ಕೇಳಿದರೆ ಸಾಕು, ಕತ್ತಲಲ್ಲಿ ಟಾರ್ಚ್ ಹಿಡಿದು ಕೆರೆ ಏರಿಯ ಮೇಲೆ ಹುಡುಕಿದ್ದನ್ನು ಮಕ್ಕಳೇ ಹೇಳುತ್ತಾರೆ.

ಭಾಷೆಯ ತಯಾರಿ ಬೇರೆ ಕಡೆಗಿಂತ ಇಲ್ಲಿ ಹೆಚ್ಚು ಬೇಕು. ಗಣಿ ಕಾಲೊನಿಯ ಮಗುವಿನ ಮನೆಮಾತು ತಮಿಳು, ಆಂಧ್ರದ ಗಡಿ ಕಡೆಯ ಹಳ್ಳಿಯ ಮಗುವಿನದು ತೆಲುಗು. ಶಾಲೆಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್. ಕಥೆ ಕನ್ನಡದಲ್ಲೇ ನಡೆದರೂ ಬಿದ್ದು ಮೊಣಕಾಲು ತರಚಿಕೊಂಡ ಮಗು ಅಳುವುದು ಮನೆಮಾತಿನಲ್ಲಿ. ಅದನ್ನು ಸಮಾಧಾನಪಡಿಸುವಷ್ಟು ಮೂರೂ ಭಾಷೆ ಗೊತ್ತಿರುವವರು ಈ ಸೀಮೆಯಲ್ಲಿ ಸುಲಭವಾಗಿ ಸಿಗುತ್ತಾರೆ. ಇದು ನಮ್ಮ ಭಾಗ್ಯ.

ಪಠ್ಯದಲ್ಲಿ ಒಂದು ವಿಷಯವನ್ನು ನಾನು ಒಪ್ಪಲಾರೆ. ಅಕ್ಷರವಿಲ್ಲದ, ಬರೀ ಬಣ್ಣದ ಪುಟಗಳ ಪುಸ್ತಕವೊಂದು ಇಂಥ ಶಿಬಿರಗಳಲ್ಲಿ ಬಹಳ ಬಳಕೆಯಲ್ಲಿದೆ. 1866ರಲ್ಲಿ ಲಂಡನ್ನಿನ ಬೋಧಕ ಚಾರ್ಲ್ಸ್ ಸ್ಪರ್ಜನ್ ಕಪ್ಪು, ಕೆಂಪು, ಬಿಳಿ ಎಂಬ ಮೂರೇ ಪುಟದ ಪುಸ್ತಕದ ಮೇಲೆ ಉಪದೇಶ ಮಾಡಿದರು. 1875ರಲ್ಲಿ ಡಿ.ಎಲ್. ಮೂಡಿ ಚಿನ್ನದ ಬಣ್ಣ ಸೇರಿಸಿದರು. ಆಮೇಲೆ ಹಸಿರು ಬಂತು. ಅದರಲ್ಲಿ ಕಪ್ಪು ಎಂದರೆ ಪಾಪ. ಮೈಬಣ್ಣಕ್ಕೂ ಜಾತಿಗೂ ಅವಮಾನ ಉಂಡ ಮನೆಗಳ ಮಕ್ಕಳ ಮುಂದೆ ನಿಂತು ಕಪ್ಪು ಕೆಟ್ಟದ್ದು ಎನ್ನುವುದು ದೊಡ್ಡ ತಪ್ಪು. ಕತ್ತಲೆ ಎಂದು ಹೇಳಿ ಅಥವಾ ಆ ಪುಟವನ್ನೇ ಬಿಟ್ಟು ಕಥೆ ಹೇಳಿ. ಸುವಾರ್ತೆಗೆ ಅದರಿಂದ ಏನೂ ಕೊರತೆಯಾಗದು.

ನೆರೆಮನೆಯ ಹಿಂದೂ, ಮುಸ್ಲಿಂ ಮಕ್ಕಳೂ ಹಾಡಿನ ಸದ್ದಿಗೆ ಓಡಿ ಬರುತ್ತಾರೆ. ಇಲ್ಲಿ ಬೈಬಲ್ ಕಥೆ ಹೇಳುತ್ತೇವೆ, ಪ್ರಾರ್ಥನೆ ಮಾಡುತ್ತೇವೆ ಎಂದು ಮನೆಯವರಿಗೆ ಮುಂಚೆಯೇ ಬಿಡಿಸಿ ಹೇಳಿ ಸಹಿ ಪಡೆಯಬೇಕು. ಬರೀ ಆಟ, ಡ್ರಾಯಿಂಗ್ ಎಂದು ಕರೆದು ಆಮೇಲೆ ಬೇರೇನೋ ಮಾಡುವುದು ನಂಬಿಕೆಯ ಮನೆಗೇ ಕನ್ನ ಹಾಕಿದಂತೆ.

ಇನ್ನು ತರಬೇತಿಯ ಅತಿ ಕಷ್ಟದ ಪಾಠ. ಕೈಕೆಲಸ ಮಾಡುತ್ತಾ ಕೂತ ಮಗು ಇದ್ದಕ್ಕಿದ್ದಂತೆ ಮೆಲ್ಲಗೆ, ಅಕ್ಕ, ನಿಮಗೊಂದು ಹೇಳ್ತೀನಿ, ಯಾರಿಗೂ ಹೇಳಬೇಡಿ ಎನ್ನುತ್ತದೆ. ಹತ್ತೊಂಬತ್ತರ ಹುಡುಗಿಯ ಬಾಯಿಗೆ ಬರುವ ಮೊದಲ ಮಾತು: ಆಯ್ತು, ಹೇಳಲ್ಲ. ಈ ಮಾತನ್ನೇ ಆಡಬಾರದು ಎಂದು ತರಬೇತಿಯಲ್ಲಿ ಮತ್ತೆ ಮತ್ತೆ ನಟಿಸಿ ತೋರಿಸಬೇಕು. ನೀನು ಹೇಳುವುದನ್ನು ಪೂರ್ತಿ ಕೇಳುತ್ತೇನೆ, ನಿನಗೆ ಯಾರಾದರೂ ನೋವು ಮಾಡುತ್ತಿದ್ದರೆ ಅದನ್ನು ನಿಲ್ಲಿಸುವವರಿಗೆ ಹೇಳಲೇಬೇಕಾಗುತ್ತದೆ ಎನ್ನಬೇಕು. ಆಮೇಲೆ ಸುಮ್ಮನೆ ಕೇಳಬೇಕು. ಬೆದಕುವ ಪ್ರಶ್ನೆ ಹಾಕಬಾರದು, ಮಗು ಆಡಿದ ಮಾತನ್ನು ಅದು ಆಡಿದಂತೆಯೇ ಬರೆದಿಟ್ಟುಕೊಳ್ಳಬೇಕು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಶಿಕ್ಷೆಯಾಗಬಹುದು. ಮಕ್ಕಳ ಸಹಾಯವಾಣಿ 1098 ಪ್ರತಿ ಕೌನ್ಸೆಲರ್‌ನ ಗುರುತಿನ ಚೀಟಿಯ ಹಿಂದೆ ಅಚ್ಚಾಗಿರಬೇಕು. ಸಭೆಯ ಮಾನ ಹೋಗುತ್ತದೆ, ಒಳಗೊಳಗೇ ಸರಿಮಾಡೋಣ ಎನ್ನುವ ಹಿರಿಯರು ಎಲ್ಲ ಧರ್ಮದಲ್ಲೂ ಇದ್ದಾರೆ. ಅವರೆದುರು ಅಲುಗಾಡದೆ ನಿಲ್ಲುವ ಧೈರ್ಯವನ್ನು ಆ ಹುಡುಗಿಗೆ ಕೊಡದೆ ಎಷ್ಟು ಹಾಡು ಕಲಿಸಿದರೂ ವ್ಯರ್ಥ.

ಅದೇ ಕಾರಣಕ್ಕೆ ಒಂದಿಷ್ಟು ಕಟ್ಟುನಿಟ್ಟುಗಳಿವೆ. ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಮಕ್ಕಳ ಫೋಟೊ ಸ್ವಂತ ಸ್ಟೇಟಸ್‌ಗೆ ಹಾಕಬಾರದು. ಉಳಿಯುವ ಕ್ಯಾಂಪಿನಲ್ಲಿ ಹುಡುಗಿಯರ ಕೋಣೆಗೆ ಮಹಿಳಾ ಕೌನ್ಸೆಲರ್ ಇರಲೇಬೇಕು, ಅದೂ ಇಬ್ಬರು.

ಬೇತಮಂಗಲದ ಮಟ್ಟಿಗೆ ನೀರಿನ ಎಚ್ಚರವನ್ನೂ ಸೇರಿಸಬೇಕು. ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿದ ಇಲ್ಲಿನ ಕೆರೆ ಒಂದು ಕಾಲಕ್ಕೆ ಚಿನ್ನದ ಗಣಿಗೇ ನೀರು ಕೊಟ್ಟದ್ದು. ಹತ್ತಿರದ ಶಿಬಿರದವರಿಗೆ ಮಕ್ಕಳನ್ನು ಸಂಜೆ ಏರಿ ಮೇಲೆ ಕರೆದೊಯ್ಯುವ ಆಸೆ ಸಹಜ. ಕರೆದೊಯ್ಯಲಿ. ಆದರೆ ಹೊರಡುವಾಗ, ತಲುಪಿದಾಗ, ಮರಳುವಾಗ ತಲೆ ಎಣಿಸಬೇಕು, ನೀರಿನ ಅಂಚಿಗೆ ಮಕ್ಕಳಿಗಿಂತ ಮುಂದೆ ದೊಡ್ಡವರು ನಿಂತಿರಬೇಕು, ಕಾಲು ತೊಳೆಯಲೂ ಇಳಿಸಬಾರದು.

ಕೊನೆಯ ದಿನ ಸರ್ಟಿಫಿಕೇಟ್ ಹಂಚಿ ಫೋಟೊ ತೆಗೆಸಿಕೊಂಡರೆ ಕೌನ್ಸೆಲರ್ ಕೆಲಸ ಮುಗಿಯಿತೆಂದು ಬಹಳ ಕಡೆ ಬಿಟ್ಟುಬಿಡುತ್ತಾರೆ. ಗುಂಪಿನ ಪ್ರತಿ ಮಗುವಿನ ಮನೆಗೂ ಒಮ್ಮೆ ಹೋಗಿ ಬರುವುದನ್ನು ತರಬೇತಿಯಲ್ಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಹೋಗುವುದಿದ್ದರೆ ಭಾನುವಾರ ಸಂಜೆ ಹೋಗಿ. ಈ ಸೀಮೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿ ಸಿಗುವುದು ಅವತ್ತೇ.